ಬೀಡಿ, ಸಿಗರೇಟು ಮತ್ತು ಅರವತ್ತು ದಾಟಿದವರ ಮೂಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಮೂಳೆಗೂ ಅದಕ್ಕೂ ಏನು ಸಂಬಂಧ?

ಮೂಳೆ ಜೀವಂತ ಅಂಗ. ಹಳೆಯ ಮೂಳೆಯನ್ನು ಕೆಡವುವ ಕೋಶಗಳು, ಹೊಸದನ್ನು ಕಟ್ಟುವ ಕೋಶಗಳು ಎರಡೂ ಸಾಯುವವರೆಗೆ ಕೆಲಸ ಮಾಡುತ್ತಲೇ ಇರುತ್ತವೆ. ಹೊಗೆಯು ಹೊಸದನ್ನು ಕಟ್ಟುವ ಕೋಶಗಳ ಕೈ ಕಟ್ಟಿಹಾಕುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಮೂಳೆಗೆ ತಲುಪುವ ರಕ್ತವೂ ಕಡಿಮೆ, ಆ ರಕ್ತದಲ್ಲಿರುವ ಆಮ್ಲಜನಕವೂ ಕಡಿಮೆ.

ಇದರ ಜೊತೆಗೆ ಸೇದುವವರ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದು ಕಡಿಮೆ, ವಿಟಮಿನ್ ಡಿ ಮಟ್ಟವೂ ಸಾಮಾನ್ಯವಾಗಿ ಕೆಳಗಿರುತ್ತದೆ. ಸೇದುವ ಹೆಂಗಸರಲ್ಲಿ ಯಕೃತ್ತು ಮೂಳೆಯನ್ನು ಕಾಯುವ ಈಸ್ಟ್ರೋಜನ್ ಹಾರ್ಮೋನನ್ನು ಬೇಗ ಹೊರಹಾಕುತ್ತದೆ, ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಹಸಿವು ಸತ್ತು ಮೈ ಸೊರಗುವುದು ಮತ್ತೊಂದು ಕಾರಣ. ತೆಳ್ಳಗಿರುವವರ ಮೂಳೆಗೆ ಭಾರ ಹೊತ್ತು ಗಟ್ಟಿಯಾಗುವ ಅವಕಾಶವೂ ಕಡಿಮೆ, ಬಿದ್ದಾಗ ಪೆಟ್ಟು ತಡೆಯುವ ಮಾಂಸ, ಕೊಬ್ಬೂ ಕಡಿಮೆ.

ಅಪಾಯ ಎಷ್ಟು ಹೆಚ್ಚುತ್ತದೆ? ಲೆಕ್ಕದಲ್ಲಿ ಹೇಳಿ.

ಲೆಕ್ಕಕ್ಕೆ ಮೊದಲು ಒಂದು ಮಾತು. 'ಸೊಂಟ ಮುರಿದಿದೆ' ಎಂದು ನಾವು ಹೇಳುವಾಗ ಹೆಚ್ಚಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ, ಅದು ಸೊಂಟದ ಕೀಲಿಗೆ ಸೇರುವ ಕತ್ತಿನ ಭಾಗ. ವಯಸ್ಸಾದವರನ್ನು ಹಾಸಿಗೆ ಹಿಡಿಸುವ ಮುರಿತ ಇದೇ. ಇದಾದ ಒಂದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ.

1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಪ್ರಕಟವಾಯಿತು. ಸೇದದ ಹೆಂಗಸರಿಗೆ ಹೋಲಿಸಿದರೆ ಸೇದುವ ಹೆಂಗಸರಲ್ಲಿ ಈ ಮುರಿತದ ಅಪಾಯ 60ರ ವಯಸ್ಸಿನಲ್ಲಿ 17%, 70ರಲ್ಲಿ 41%, 80ರಲ್ಲಿ 71%, 90ರಲ್ಲಿ 108% ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಗಂಡಸರಲ್ಲೂ ಚಿತ್ರ ಹೆಚ್ಚುಕಡಿಮೆ ಹೀಗೇ ಇತ್ತು. 50ರ ಸುಮಾರಿಗೆ ಮೂಳೆ ಸಾಂದ್ರತೆಯಲ್ಲಿ ವ್ಯತ್ಯಾಸ ಹೇಳುವಷ್ಟು ಇರುವುದಿಲ್ಲ. 80ಕ್ಕೆ ಬರುವಾಗ ಸುಮಾರು 6% ಅಂತರ ಬಿದ್ದಿರುತ್ತದೆ. 'ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ' ಎಂಬ ವಾದ ಸೋಲುವುದು ಇಲ್ಲಿ. ಸಾಲದ ಬಡ್ಡಿಯೆಲ್ಲ ಕೊನೆಯ ಕಂತುಗಳಲ್ಲಿದೆ.

ಶೇಕಡಾವಾರು ಕೇಳಿ ಗಾಬರಿಯಾಗುವವರಿಗೆ ಅದೇ ವಿಶ್ಲೇಷಣೆಯ ಇನ್ನೊಂದು ಲೆಕ್ಕ: ಇಂಗ್ಲೆಂಡಿನಲ್ಲಿ 85 ವರ್ಷ ತುಂಬುವಷ್ಟರಲ್ಲಿ ಸೊಂಟ ಮುರಿದುಕೊಳ್ಳುವವರು ಸೇದದ ನೂರು ಹೆಂಗಸರಲ್ಲಿ 12, ಸೇದುವ ನೂರು ಹೆಂಗಸರಲ್ಲಿ 19. ಇವು ಅಲ್ಲಿನ ಅಂಕಿಗಳು, ಇಲ್ಲಿಗೆ ಹಾಗೇ ಎತ್ತಿಡಲು ಬರುವುದಿಲ್ಲ. ಭಾರತದಲ್ಲಿ ಈ ಮುರಿತ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದೇವೆ, ಚೆನ್ನಾಗಿದೆ ಅಂದರು. ಹಾಗಿದ್ದರೆ ಚಿಂತೆ ಇಲ್ಲ ತಾನೆ?

ಇದೆ. ಇಡೀ ವಿಷಯದಲ್ಲಿ ಜನ ಹೆಚ್ಚು ಎಡವುವುದು ಇಲ್ಲೇ.

ಡೆಕ್ಸಾ ಅಳೆಯುವುದು ಮೂಳೆಯ ಖನಿಜ ಸಾಂದ್ರತೆಯನ್ನು ಮಾತ್ರ. ವರದಿಯಲ್ಲಿ ಟಿ-ಸ್ಕೋರ್ ಎಂದಿರುತ್ತದೆ: -1ಕ್ಕಿಂತ ಮೇಲಿದ್ದರೆ ಸಾಮಾನ್ಯ, -1ರಿಂದ -2.5ರ ನಡುವೆ ಸಾಂದ್ರತೆ ಕಡಿಮೆ, -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. 2005ರಲ್ಲಿ ಪ್ರಕಟವಾದ, 59 ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ವಿಶ್ಲೇಷಣೆಯ ಪ್ರಕಾರ ಸೇದುವವರಲ್ಲಿ ಸೊಂಟದ ಮುರಿತದ ಅಪಾಯ 1.84 ಪಟ್ಟು. ಆ ಹೆಚ್ಚಿನ ಅಪಾಯದಲ್ಲಿ ಕಡಿಮೆ ಸಾಂದ್ರತೆಯಿಂದ ಬಂದದ್ದು ಬರೀ 23%. ಉಳಿದದ್ದು ಸ್ಕ್ಯಾನಿಗೆ ಕಾಣದ ಕಾರಣಗಳಿಂದ: ಕಾಲಿನ ಸ್ನಾಯು ಸೊರಗಿರುವುದು, ಕಾಲಿಗೆ ರಕ್ತ ಸಾಲದಿರುವುದು, ಉಬ್ಬಸ, ಕಣ್ಣಿನ ಪೊರೆ, ಮೈತೂಕ ಇಳಿದಿರುವುದು. ಮೂಳೆ ಎಷ್ಟೇ ಗಟ್ಟಿ ಇದ್ದರೂ ಪದೇ ಪದೇ ಬೀಳುವವರು ಒಮ್ಮೆ ಮುರಿದುಕೊಳ್ಳುತ್ತಾರೆ.

ಇಲ್ಲೇ ಇನ್ನೆರಡು ಗೊಂದಲ ಬಿಡಿಸಿಬಿಡಬೇಕು. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ಎರಡು ನಿಮಿಷದಲ್ಲಿ ಮಾಡುವುದು ಅಲ್ಟ್ರಾಸೌಂಡ್ ಪರೀಕ್ಷೆ. ಅದರ ಮೇಲೆ ಚಿಕಿತ್ಸೆ ಶುರು ಮಾಡಬಾರದು, ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಬೇಕು. ಇನ್ನು 'ಮೂಳೆ ಸವೆತ' ಎಂಬ ಮಾತು. ಮಂಡಿನೋವಿಗೂ ಅದೇ ಹೆಸರು, ಮೂಳೆ ಟೊಳ್ಳಾಗುವುದಕ್ಕೂ ಅದೇ ಹೆಸರು. ಮಂಡಿಯದು ಕೀಲಿನ ಸವೆತ, ಅದು ನೋಯುತ್ತದೆ. ಮೂಳೆ ಟೊಳ್ಳಾಗುವುದು ಮುರಿಯುವ ತನಕ ನೋಯುವುದೇ ಇಲ್ಲ. ಬೆನ್ನುಮೂಳೆಯ ಮುರಿತಗಳಂತೂ ಬಹುಪಾಲು ಯಾರ ಗಮನಕ್ಕೂ ಬರುವುದಿಲ್ಲ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಅಥವಾ ಹೆಚ್ಚು ಕುಗ್ಗಿದ್ದರೆ, ಬೆನ್ನು ಗೂನಾಗುತ್ತಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಿ.

ದಿನಕ್ಕೆ ನಾಲ್ಕೇ ಬೀಡಿ. ಬೀಡಿ ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಲ್ಲವೇ?

ಬೀಡಿಯಲ್ಲಿ ತಂಬಾಕು ಕಡಿಮೆ ಇರುವುದು ನಿಜ. ಆದರೆ ಫಿಲ್ಟರ್ ಇಲ್ಲ, ಎಲೆ ಸರಿಯಾಗಿ ಉರಿಯುವುದಿಲ್ಲ, ಆರದಂತೆ ಪದೇ ಪದೇ ಜೋರಾಗಿ ಎಳೆಯಬೇಕು. ಹಾಗಾಗಿ ಒಂದು ಗ್ರಾಂ ತಂಬಾಕಿಗೆ ಲೆಕ್ಕ ಹಾಕಿದರೆ ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಮೂರೂ ಸಿಗರೇಟಿಗಿಂತ ಹೆಚ್ಚೇ ಒಳಗೆ ಹೋಗುತ್ತವೆ.

ಹೆಚ್ಚು ಸೇದಿದಷ್ಟೂ ಅಪಾಯ ಹೆಚ್ಚು. ಆದರೆ ಇಪ್ಪತ್ತರಿಂದ ನಾಲ್ಕಕ್ಕೆ ಇಳಿಸಿದವರು ಸಾಮಾನ್ಯವಾಗಿ ಆ ನಾಲ್ಕನ್ನು ಬೆರಳು ಸುಡುವವರೆಗೆ ಎಳೆಯುತ್ತಾರೆ. ಕಡಿಮೆ ಮಾಡುವುದನ್ನು ಬಿಡುವ ದಾರಿಯ ಒಂದು ಮೆಟ್ಟಿಲಾಗಿ ಇಟ್ಟುಕೊಳ್ಳಿ, ಅಲ್ಲೇ ಕೂತುಬಿಡಬೇಡಿ.

ವೈದ್ಯರು ಹತ್ತು ವರ್ಷದ ಮುರಿತದ ಅಪಾಯ ಲೆಕ್ಕ ಹಾಕಲು ಬಳಸುವ ಫ್ರ್ಯಾಕ್ಸ್ ಎಂಬ ಸಾಧನ 40ರಿಂದ 90 ವರ್ಷದವರಿಗೆ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ತಂದದ್ದು. ಭಾರತದ್ದೇ ಮಾದರಿಯೂ ಅದರಲ್ಲಿದೆ. ಅಲ್ಲಿ 'ಈಗ ಸೇದುತ್ತೀರಾ' ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರಿಗೂ ಎರಡು ಬೀಡಿ ಸೇದುವವರಿಗೂ ಒಂದೇ ಅಂಕ. ಆದ್ದರಿಂದ ಹೆಚ್ಚು ಸೇದುವವರ ನಿಜವಾದ ಅಪಾಯ ಅದು ತೋರಿಸುವುದಕ್ಕಿಂತ ಮೇಲಿರುತ್ತದೆ.

ನಮ್ಮ ಅಜ್ಜಿ ಸೇದುವುದಿಲ್ಲ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ.

ಕರ್ನಾಟಕದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು, ಹಾಗಾಗಿ ಪ್ರಶ್ನೆ ಸರಿಯಾಗಿಯೇ ಇದೆ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲ, ನಿಕೋಟಿನ್ ಇದೆ. ಮೂಳೆಯ ಮೇಲೆ ಸೇದುವುದರ ಪರಿಣಾಮಕ್ಕೆ ಇರುವಷ್ಟು ಗಟ್ಟಿ ಪುರಾವೆ ಜಗಿಯುವುದಕ್ಕೆ ಇಲ್ಲ. ಫ್ರ್ಯಾಕ್ಸ್ ಕೂಡ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲ್ಲು, ವಸಡು, ಬಾಯಿ ಹಾಳಾಗಿ ಗಟ್ಟಿ ಆಹಾರ ತಿನ್ನಲಾಗದೆ ಸೊರಗುವುದು ಮಾತ್ರ ಕಣ್ಣೆದುರೇ ಕಾಣುತ್ತದೆ. ಬೀಡಿ ಬಿಟ್ಟು ಹೊಗೆಸೊಪ್ಪಿಗೆ ಬದಲಾಯಿಸುವುದು ಬಾಯಿ ಕ್ಯಾನ್ಸರಿನ ದಾರಿ, ಅದನ್ನು ಉಪಾಯ ಎಂದುಕೊಳ್ಳಬೇಡಿ. ಇ-ಸಿಗರೇಟು 2019ರಿಂದ ಭಾರತದಲ್ಲಿ ನಿಷೇಧ, ಆ ಮಾತು ಬೇಡ.

ತಂದೆಗೆ 72. ಐವತ್ತು ವರ್ಷ ಸೇದಿದ್ದಾರೆ. ಈಗ ಬಿಟ್ಟು ಏನು ಪ್ರಯೋಜನ?

ಪ್ರಯೋಜನ ಒಂದೇ ದಿನ ಬರುವುದಿಲ್ಲ, ಒಂದೊಂದೂ ಒಂದೊಂದು ಹೊತ್ತಿಗೆ ಬರುತ್ತದೆ.

ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲಿ ಹೋಗುತ್ತದೆ. ಕೆಲವು ವಾರಗಳಲ್ಲಿ ಕಾಲಿಗೆ ರಕ್ತ ಓಡಾಟ, ಉಸಿರು ಸುಧಾರಿಸಿ ಹೆಚ್ಚು ನಡೆಯಲಾಗುತ್ತದೆ. ನಡೆದಂತೆ ಕಾಲಿನ ಬಲ ಬರುತ್ತದೆ, ಬೀಳುವುದು ಕಡಿಮೆಯಾಗುತ್ತದೆ. ಮುಟ್ಟು ನಿಂತ ಹೆಂಗಸರು ಒಂದು ವರ್ಷ ಪೂರ್ತಿ ಬಿಟ್ಟಾಗ ಸೊಂಟದ ಮೂಳೆಯ ಸಾಂದ್ರತೆ ಸ್ವಲ್ಪ ಏರಿದ್ದು ಅಧ್ಯಯನದಲ್ಲಿ ಕಂಡಿದೆ. ಮುರಿತದ ಅಪಾಯ ಇಳಿಯುವುದು ಮಾತ್ರ ನಿಧಾನ. ಅಮೆರಿಕದ ದಾದಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ ಸೊಂಟದ ಮುರಿತ ಸ್ಪಷ್ಟವಾಗಿ ಇಳಿದದ್ದು ಬಿಟ್ಟು ಹತ್ತು ವರ್ಷವಾದ ಮೇಲೆ. ಬಿಟ್ಟವರ ಅಪಾಯ ಎಂದೂ ಸೇದದವರಿಗಿಂತ ತುಸು ಮೇಲೇ ಉಳಿಯುತ್ತದೆ, ಸೇದುತ್ತಲೇ ಇರುವವರಿಗಿಂತ ಕೆಳಗಿರುತ್ತದೆ.

72ಕ್ಕೆ ಹತ್ತು ಸೇರಿಸಿದರೆ 82. ಮೇಲಿನ ಲೆಕ್ಕ ನೋಡಿ, ಸೇದುವುದರ ದಂಡ ದುಬಾರಿಯಾಗುವುದು ಸರಿಯಾಗಿ ಆ ವಯಸ್ಸಿನಲ್ಲೇ. ಕಳೆದುಕೊಂಡ ಮೂಳೆ ಪೂರ್ತಿ ಮರಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೇದುವುದರಿಂದಾಗುವ ಸೋರಿಕೆ ನಿಲ್ಲುತ್ತದೆ, ಅದೇ ದೊಡ್ಡದು.

ಒಮ್ಮೆಲೇ ಬಿಟ್ಟರೆ ಮೈ ಕೆಡುತ್ತದೆ, ಈ ವಯಸ್ಸಿನಲ್ಲಿ ಬೇಡ ಅನ್ನುತ್ತಾರೆ.

ಬಿಡುವುದರಿಂದ ಜೀವಕ್ಕೆ ಅಪಾಯವಿಲ್ಲ. ಸಿಡಿಮಿಡಿ, ನಿದ್ದೆಗೇಡು, ಕೆಮ್ಮು, ಹಸಿವು, ಮಲಬದ್ಧತೆ ಬರುತ್ತವೆ. ಎರಡು-ಮೂರನೇ ದಿನ ಜೋರಾಗಿದ್ದು ಮೂರು-ನಾಲ್ಕು ವಾರದಲ್ಲಿ ಇಳಿಯುತ್ತವೆ. 'ಬೆಳಿಗ್ಗೆ ಒಂದು ಬೀಡಿ ಎಳೆಯದೆ ಹೊಟ್ಟೆ ಸಾಫಾಗುವುದಿಲ್ಲ' ಎಂಬುದು ನೆಪವಲ್ಲ, ನಿಕೋಟಿನ್ ಕರುಳನ್ನು ನಿಜವಾಗಿಯೂ ಚುರುಕು ಮಾಡುತ್ತದೆ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು, ಬೇಕಾದರೆ ರಾತ್ರಿ ಇಸಬ್‌ಗೋಲು ಕೊಡಿ. ಎರಡು ವಾರದಲ್ಲಿ ಕರುಳು ಹೊಸ ಅಭ್ಯಾಸಕ್ಕೆ ಬರುತ್ತದೆ.

ಎಚ್ಚರ ಬೇಕಾದದ್ದು ಬೇರೆ ಕಡೆ. ಹೊಗೆಯಲ್ಲಿನ ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿರುತ್ತವೆ. ಬಿಟ್ಟಾಗ ಅದು ಮಂದವಾಗಿ ಕೆಲವು ಔಷಧಗಳು ರಕ್ತದಲ್ಲಿ ಏರುತ್ತವೆ. ಉಬ್ಬಸಕ್ಕೆ ಥಿಯೋಫಿಲಿನ್ ಇರುವ ಮಾತ್ರೆ, ಮಾನಸಿಕ ಕಾಯಿಲೆಗೆ ಓಲಾಂಜಪಿನ್ ಅಥವಾ ಕ್ಲೋಜಪಿನ್, ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಬಿಡುವ ವಾರಕ್ಕೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಇನ್ಸುಲಿನ್ ಹಾಕಿಕೊಳ್ಳುವವರು ಆ ದಿನಗಳಲ್ಲಿ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಲಿ. ಕಾಫಿಯೂ ಇದೇ ದಾರಿ: ಬಿಟ್ಟ ಮೇಲೆ ಅದೇ ನಾಲ್ಕು ಲೋಟ ಕುಡಿದರೆ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ಅರ್ಧಕ್ಕೆ ಇಳಿಸಿ.

ನಿದ್ದೆ ಬರುತ್ತಿಲ್ಲ ಎಂದು ಔಷಧ ಅಂಗಡಿಯಿಂದ ನಿದ್ದೆ ಮಾತ್ರೆ ತರಬೇಡಿ. ಮೂಳೆ ಉಳಿಸಲು ಬೀಡಿ ಬಿಟ್ಟು, ಮಾತ್ರೆಯ ಅಮಲಿನಲ್ಲಿ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರೆ ಎಲ್ಲ ವ್ಯರ್ಥ.

ಬಿಡುವುದು ಹೇಗೆ? ಮನಸ್ಸು ಗಟ್ಟಿ ಮಾಡಿದರೆ ಸಾಕೇ?

ಕೆಲವರಿಗೆ ಸಾಕು, ಹೆಚ್ಚಿನವರಿಗೆ ಸಾಲದು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೆನ್ನುವವರಿಗೆ ಔಷಧದ ಆಸರೆ ಬೇಕು. ಎರಡು ವಾರದೊಳಗಿನ ಒಂದು ದಿನ ಗೊತ್ತುಮಾಡಿ, ಮನೆಯವರಿಗೆ ಹೇಳಿ, ಹಿಂದಿನ ರಾತ್ರಿ ಕಟ್ಟು, ಬೆಂಕಿಪೊಟ್ಟಣ, ಬೂದಿ ತಟ್ಟೆ ಎಲ್ಲ ಹೊರಹಾಕಿ.

ನಿಕೋಟಿನ್ ಗಮ್: 2 ಮಿ.ಗ್ರಾಂ.ನದು ವೈದ್ಯರ ಚೀಟಿ ಇಲ್ಲದೆ ಸಿಗುತ್ತದೆ. ಹೆಚ್ಚು ಸೇದುವವರಿಗೆ 4 ಮಿ.ಗ್ರಾಂ. ಬೇಕಾಗುತ್ತದೆ, ಅದಕ್ಕೆ ವೈದ್ಯರನ್ನು ಕೇಳಿ. ಎಲ್ಲರೂ ಮಾಡುವ ತಪ್ಪು, ಅದನ್ನು ಬಬಲ್‌ಗಮ್ಮಿನಂತೆ ಒಂದೇ ಸಮ ಅಗಿಯುವುದು. ಹಾಗೆ ಮಾಡಿದರೆ ನಿಕೋಟಿನ್ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಆಸೆಯೂ ತಣಿಯುವುದಿಲ್ಲ. ನಿಧಾನವಾಗಿ ಹತ್ತು-ಹದಿನೈದು ಸಲ ಅಗಿಯಿರಿ, ಬಾಯಲ್ಲಿ ಮೆಣಸಿನಂಥ ಚುರುಚುರು ಬಂದ ಕೂಡಲೇ ನಿಲ್ಲಿಸಿ ಕೆನ್ನೆ-ವಸಡಿನ ನಡುವೆ ಒಂದು ನಿಮಿಷ ಇಡಿ, ಚುರುಚುರು ಹೋದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ, ಟೀ, ಹಣ್ಣಿನ ರಸ ಬೇಡ. ಮೊದಲ ವಾರಗಳಲ್ಲಿ ಒಂದೆರಡು ಗಂಟೆಗೊಂದರಂತೆ ದಿನಕ್ಕೆ 8ರಿಂದ 12 ಬೇಕಾಗುತ್ತವೆ. ಎರಡು ತಿಂದು 'ಕೆಲಸ ಮಾಡಲಿಲ್ಲ' ಎನ್ನುವವರೇ ಹೆಚ್ಚು. ಒಟ್ಟು 8ರಿಂದ 12 ವಾರ. ಕಟ್ಟಿಸಿಕೊಂಡ ಹಲ್ಲಿದ್ದರೆ ಗಮ್ ಅಂಟಿಕೊಳ್ಳುತ್ತದೆ, ಚೀಪುವ ಲೋಜೆಂಜ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಒಳ್ಳೆಯದು.

ಪ್ಯಾಚ್: ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟು ಸೇದುತ್ತಿದ್ದವರಿಗೆ ಸಾಮಾನ್ಯ ಕ್ರಮ 21 ಮಿ.ಗ್ರಾಂ.ನದು ಆರು ವಾರ, ಆಮೇಲೆ 14 ಮಿ.ಗ್ರಾಂ.ನದು ಎರಡು ವಾರ, 7 ಮಿ.ಗ್ರಾಂ.ನದು ಎರಡು ವಾರ. ಬೆಳಿಗ್ಗೆ ಕೂದಲಿಲ್ಲದ ಒಣ ಚರ್ಮಕ್ಕೆ, ದಿನಕ್ಕೊಂದು ಹೊಸ ಜಾಗಕ್ಕೆ ಅಂಟಿಸಿ. ಕೆಟ್ಟ ಕನಸು ಬಂದರೆ ಮಲಗುವಾಗ ತೆಗೆಯಿರಿ. 'ನಿಕೋಟಿನ್ನೇ ಕೆಟ್ಟದ್ದಾದರೆ ಇದೂ ಮೂಳೆಗೆ ಕೆಟ್ಟದ್ದಲ್ಲವೇ' ಎಂದು ಕೇಳುವವರಿದ್ದಾರೆ. ಮೂರು ತಿಂಗಳ ಅಳತೆಯ ನಿಕೋಟಿನ್ ಎಲ್ಲಿ, ಜೀವಮಾನದ ಹೊಗೆ ಎಲ್ಲಿ.

ಮಾತ್ರೆಗಳಲ್ಲಿ ವರೆನಿಕ್ಲಿನ್ ಹೆಚ್ಚು ಪರಿಣಾಮಕಾರಿ. ಬಿಡುವ ದಿನಕ್ಕೆ ಒಂದು ವಾರ ಮೊದಲೇ ಶುರುವಾಗಬೇಕು, 12 ವಾರ ನಡೆಯುತ್ತದೆ. ಮೂತ್ರಪಿಂಡ ತೀರಾ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು. ಇನ್ನೊಂದು ಮಾತ್ರೆ ಬುಪ್ರೊಪಿಯಾನ್, ಅದು ಫಿಟ್ಸ್ ಇರುವವರಿಗೆ ಆಗದು. ಎರಡಕ್ಕೂ ವೈದ್ಯರ ಚೀಟಿ ಬೇಕು.

ಮಾತಿನ ಆಸರೆಗೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356. ಕರೆ ಉಚಿತ, ತಂಬಾಕು ಪ್ಯಾಕಿನ ಮೇಲೂ ಇದೇ ಸಂಖ್ಯೆ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲಿ ಒಂದು, ಕನ್ನಡದಲ್ಲೇ ಮಾತಾಡಬಹುದು.

ಬಿಟ್ಟರೆ ತೂಕ ಏರುತ್ತದಂತೆ?

ಮೊದಲ ವರ್ಷ ಸರಾಸರಿ 4–5 ಕಿಲೋ ಏರುತ್ತದೆ. 45 ಕಿಲೋ ಇರುವ ಅಜ್ಜನಿಗೆ ಅದು ವರ. ಸಕ್ಕರೆ ಕಾಯಿಲೆ, ಬೊಜ್ಜು ಇರುವವರು ಊಟ ನೋಡಿಕೊಳ್ಳಬೇಕು, ಅದಕ್ಕೆಂದು ಬೀಡಿಗೆ ಮರಳಬೇಕಿಲ್ಲ.

ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಂಡು ಸೇದಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ಇಟ್ಟಿಗೆ ರಾಶಿ ಹಾಕಿ ಗಾರೆಯವರನ್ನು ಮನೆಗೆ ಕಳಿಸಿದಂತೆ.

ಬಿಟ್ಟವರಿಗೆ ದಿನಕ್ಕೆ 1000ದಿಂದ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 75 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 260, ಎರಡು ಲೋಟ ಹಾಲು-ಮೊಸರಿನಲ್ಲಿ 480ರ ಆಸುಪಾಸು, ಒಂದು ಚಮಚ ತುಂಬ ಎಳ್ಳಿನಲ್ಲಿ 120. ಸೊಪ್ಪು, ಹುರುಳಿ ಸೇರಿದರೆ ಊಟದಲ್ಲೇ ಬಹುಪಾಲು ಮುಗಿಯುತ್ತದೆ. ಮಾತ್ರೆ ಬೇಕಾದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು ಊಟದ ಜೊತೆ, ಒಂದು ಸಲಕ್ಕೆ 500 ಮಿ.ಗ್ರಾಂ. ಮೀರದಂತೆ.

ವಿಟಮಿನ್ ಡಿಗೆ ಏಳು ಗಂಟೆಯ ಎಳೆಬಿಸಿಲು ಹೆಚ್ಚು ಪ್ರಯೋಜನಕ್ಕೆ ಬಾರದು. ಚರ್ಮದಲ್ಲಿ ಡಿ ತಯಾರಾಗುವುದು ಹತ್ತು-ಹನ್ನೊಂದರ ನಂತರದ ಬಿಸಿಲಿಗೆ. ಕೊರತೆಗೆ ವೈದ್ಯರು ಬರೆಯುವ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ವಾರಕ್ಕೊಂದು, ಸಾಮಾನ್ಯವಾಗಿ ಎಂಟು ವಾರ. ಚೀಟಿ ತಪ್ಪಾಗಿ ಓದಿ ದಿನಕ್ಕೊಂದು ತೆಗೆದುಕೊಂಡವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ತೊಂದರೆ ಆಗುತ್ತದೆ. ಪೊಟ್ಟಣದ ಮೇಲೆ ವಾರದ ಹೆಸರು ಬರೆದಿಡಿ.

ಸೇದುವವರಲ್ಲಿ ಉಬ್ಬಸ ಹೆಚ್ಚು, ಉಬ್ಬಸಕ್ಕೆ ಸ್ಟೆರಾಯ್ಡ್ ಮಾತ್ರೆ ಹೆಚ್ಚು. ಪ್ರೆಡ್ನಿಸೊಲೋನ್ ದಿನಕ್ಕೆ 5 ಮಿ.ಗ್ರಾಂ.ನಂತೆ ಮೂರು ತಿಂಗಳು ದಾಟಿದರೂ ಮೂಳೆಗೆ ಪೆಟ್ಟು. ಕೀಲುನೋವಿಗೆಂದು ಕೊಡುವ ಹೆಸರಿಲ್ಲದ ಪುಡಿಗಳಲ್ಲೂ ಸ್ಟೆರಾಯ್ಡ್ ಇರುವುದುಂಟು. ಆದರೆ ವೈದ್ಯರು ಕೊಟ್ಟ ಸ್ಟೆರಾಯ್ಡನ್ನು ನೀವೇ ತಟ್ಟನೆ ನಿಲ್ಲಿಸಬೇಡಿ.

ಮೂಳೆ ಗಟ್ಟಿಯಾಗಲು ವಾರಕ್ಕೊಂದು ಮಾತ್ರೆ ಬರೆದಿದ್ದಾರೆ. ಸೇದುವವರು ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬೇಕು. ಬಿಡುವ ತನಕ ಕಾಯಬೇಡಿ. ಆ ಮಾತ್ರೆ ಅಲೆಂಡ್ರೋನೇಟ್ 70 ಮಿ.ಗ್ರಾಂ. ಆಗಿದ್ದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ತುಂಬು ಲೋಟ ಬರಿಯ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಹಾಲು, ಕಾಫಿ, ಕ್ಯಾಲ್ಸಿಯಂ ಜೊತೆ ನುಂಗಿದರೆ ಔಷಧ ಮೈಗೆ ಹತ್ತುವುದೇ ಇಲ್ಲ. ಈ ಔಷಧಗಳಿಂದ ಅಪರೂಪಕ್ಕೆ ದವಡೆ ಮೂಳೆ ಕೊಳೆಯುತ್ತದೆ, ತಂಬಾಕು ಆ ಅಪಾಯ ಹೆಚ್ಚಿಸುತ್ತದೆ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿ. ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಚುಚ್ಚುಮದ್ದು ತೆಗೆದುಕೊಳ್ಳುವವರು ದಿನ ತಪ್ಪಿಸಬಾರದು. ನಿಲ್ಲಿಸಿದ ಮೇಲೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯುವುದಿದೆ.

ಬಿದ್ದು ಮೂಳೆ ಮುರಿದಾಗಿದೆ. ಈಗ ಸೇದುವುದರಿಂದ ಇನ್ನೇನು ಆಗುತ್ತದೆ?

ಕೂಡುವುದು ತಡವಾಗುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ. ಮಂಡಿಯ ಕೆಳಗಿನ ಉದ್ದ ಮೂಳೆಯಂಥವುಗಳಲ್ಲಿ ಕೂಡದೆ ಉಳಿಯುವ ಸಾಧ್ಯತೆ ಸೇದುವವರಲ್ಲಿ ಸುಮಾರು ಎರಡು ಪಟ್ಟು. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಕೀವು, ನ್ಯುಮೋನಿಯಾ ಕೂಡ ಹೆಚ್ಚು. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಾದರೆ ನಾಲ್ಕು ವಾರ ಮೊದಲು ಬಿಡಬೇಕು. ಸೊಂಟದ ಮುರಿತಕ್ಕೆ ಅಷ್ಟು ಪುರುಸೊತ್ತಿಲ್ಲ, 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ಬಿದ್ದ ಕ್ಷಣದಿಂದ ಬಿಡುವುದೇ ಅಲ್ಲಿ ದಾರಿ. ಪ್ಯಾಚ್ ಹಾಕುವ ಮುನ್ನ ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ವೈದ್ಯರಿಗೂ ಹೇಳಿ.

ಬಿದ್ದವರ ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಎಬ್ಬಿಸಿ ನಿಲ್ಲಿಸಲು ಹೋಗಬೇಡಿ, ತಿಕ್ಕಬೇಡಿ. ಕಾಲುಗಳ ನಡುವೆ ದಿಂಬಿಟ್ಟು 108ಕ್ಕೆ ಕರೆ ಮಾಡಿ. ಈ ಮುರಿತಕ್ಕೆ ನಾಟಿ ಕಟ್ಟು ಆಗದು. ಕೀಲಿನೊಳಗಿನ ತುಂಡಿಗೆ ಹೋಗುವ ರಕ್ತನಾಳ ಹರಿದಿರುವುದುಂಟು, ಹೊರಗಿನ ಕಟ್ಟು ಅಲ್ಲಿಗೆ ತಲುಪುವುದೂ ಇಲ್ಲ. ಹಾಸಿಗೆಯಲ್ಲಿ ಕಳೆದ ಒಂದೊಂದು ವಾರವೂ ಹಾಸಿಗೆ ಹುಣ್ಣು, ನ್ಯುಮೋನಿಯಾಗೆ ದಾರಿ.

ಮೂರು ತಿಂಗಳು ಬಿಟ್ಟಿದ್ದರು, ಮದುವೆ ಮನೆಯಲ್ಲಿ ಮತ್ತೆ ಶುರುವಾಯಿತು.

ಇದು ಮಾಮೂಲು. ಬಿಟ್ಟವರಲ್ಲಿ ಹೆಚ್ಚಿನವರು ಮೊದಲ ಯತ್ನದಲ್ಲಿ ಗೆದ್ದವರಲ್ಲ. ಮೂದಲಿಸಬೇಡಿ, ಕದ್ದು ಸೇದುವುದು ಶುರುವಾಗುತ್ತದೆ. ವಯಸ್ಸಾದವರಿಗೆ ಕದ್ದು ಸೇದುವುದೆಂದರೆ ರಾತ್ರಿ ಕತ್ತಲಲ್ಲಿ ಹಿತ್ತಲಿಗೋ ಮಹಡಿಯ ಮೆಟ್ಟಿಲಿಗೋ ಹೋಗುವುದು, ಬೀಳುವುದು ಅಲ್ಲೇ. ಯಾವ ಹೊತ್ತಿಗೆ, ಯಾರ ಜೊತೆ ಆಯಿತು ಎಂದು ಕೇಳಿಕೊಂಡು ವಾರದೊಳಗೆ ಹೊಸ ದಿನ ಗೊತ್ತುಮಾಡಿ. ಕಳೆದ ಸಲ ಔಷಧ ಬಳಸಿರದಿದ್ದರೆ ಈ ಸಲ ಬಳಸಿ. ಗಮ್ ಒಂದೇ ಬಳಸಿದ್ದರೆ ಪ್ಯಾಚ್ ಜೊತೆಗೆ ಗಮ್ ಸೇರಿಸುವ ಬಗ್ಗೆ ವೈದ್ಯರನ್ನು ಕೇಳಿ. ಅಷ್ಟರಲ್ಲಿ ಹಿತ್ತಲ ಬಾಗಿಲಿಗೆ ಒಂದು ದೀಪ, ಬಚ್ಚಲಿಗೆ ಒಂದು ಹಿಡಿಕಂಬಿ ಹಾಕಿಸಿ.